ಪಾಕದ ಸದ್ದು

“ಅಮ್ಮ, ಮತ್ತೆ ಆ ಹೆಸರು ಹೇಳಿದೆ ನೋಡು!” ಎಂದು ಶಿವರಂಜನಿ ಮೊಬೈಲನ್ನು ಕೆಳಗಿಳಿಸಿದಳು. “ಕಡ್ಲೆ ಮಿಠಾಯಿ ಮಾಡಕ್ಕೆ ಹೆಂಗೆ ಶುರು ಮಾಡಿದ್ರಿ ಅಂತ ಕೇಳಿದ್ರೆ ಬರೀ ಮುನಿಯತ್ತೆ ಕತೆ. ವಿಡಿಯೊ ನೋಡೋರಿಗೆ ಅದೆಲ್ಲಾ ಯಾಕೆ?”

ಒಲೆಯ ಮುಂದೆ ಕೂತಿದ್ದ ನಾಗರತ್ನಮ್ಮ ಬಾಣಲೆಯ ಅಂಚಿಗೆ ಸೌಟಿನಿಂದ ಒಂದು ಏಟು ಹಾಕಿದಳು. “ಶುರುವಾಗಿದ್ದೇ ಅಂಗೆ ಕಣೇ. ಇದ್ದಿದ್ದನ್ನ ಬುಟ್ಟು ಇಲ್ಲದ್ದನ್ನ ಎಲ್ಲಿಂದ ತರ್ಲಿ?”

ವೈ.ಎನ್.ಹೊಸಕೋಟೆಯ ಆ ಸಣ್ಣ ಅಡುಗೆಮನೆಯ ಮಿಠಾಯಿ ಈಗ ಮಧುಗಿರಿ, ಕೊರಟಗೆರೆಯ ಅಂಗಡಿಗಳಿಗೂ ಹೋಗುತ್ತಿತ್ತು. ಇನ್ನೂ ದೂರ ಹೋಗಬೇಕೆಂದರೆ ಇಂಥದೊಂದು ವಿಡಿಯೊ ಬೇಕೇ ಬೇಕು ಎನ್ನುವುದು ಮಗಳ ಹಟ. ಅವಳು ನಿಟ್ಟುಸಿರು ಬಿಟ್ಟು ಮತ್ತೆ ಮೊಬೈಲ್ ಎತ್ತಿದಳು. ನಾಗರತ್ನಮ್ಮ ಸೆರಗು ಸರಿಮಾಡಿಕೊಂಡು ಹೇಳತೊಡಗಿದಳು.

“ಬಿತ್ತನೆ ಟೈಮಲ್ಲಿ ನಾನೂ ಮುನಿನೂ ಕಡ್ಲೆಕಾಯಿ ಸುಲಿಯಕ್ಕೆ ಕೂಲಿಗೆ ಹೋಗ್ತಿದ್ವಿ. ಒಡೆದ ಬೀಜ ಬಿತ್ತಕ್ಕೆ ಬರಲ್ಲ ನೋಡು, ಅದನ್ನ ನಮ್ ಮಡ್ಲಿಗೇ ಹಾಕೋರು. ‘ಎಷ್ಟು ದಿನ ಅಂತ ಚಟ್ನಿ ಅರೀತೀಯ, ಒಂದು ಪಾಕ ಇಡೇ’ ಅಂದೋಳು ಮುನಿನೇ. ಮೊದಲ್ನೇ ದಿನ ತಟ್ಟೆ ಹೊತ್ಕೊಂಡು ಬಸ್ ಸ್ಟ್ಯಾಂಡಿಗೆ ಹೋದ್ರೆ ಇಬ್ಬರಿಗೂ ಕೂಗಕ್ಕೆ ನಾಚ್ಕೆ. ನೀ ಕೂಗು, ನೀ ಕೂಗು ಅಂತ ತಳ್ಳಾಡ್ಕೊಂಡು ನಿಂತಿದ್ದಂಗೇ ಪಾವಗಡದ ಬಸ್ಸು ಹೊರಟೇ ಹೋಯ್ತು. ಆಮೇಲೆ ಕಟ್ಟೆ ಮೇಲೆ ಕುಂತು ಇಬ್ಬರೂ ನಗ್ತಾ ನಗ್ತಾ ಅರ್ಧ ಮಿಠಾಯಿ ನಾವೇ ತಿಂದ್ವಿ.” ಅವಳ ಮುಖ ಅರಳಿತ್ತು. ಶಿವರಂಜನಿ ತಡೆಯಲಿಲ್ಲ.

ಪಾಕ ಬಂತೋ ಇಲ್ಲವೋ ನೋಡಲು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ ಸ್ಟೀಲ್ ತಟ್ಟೆಗೆ ಎಸೆಯಬೇಕು. ಟಣ್ ಎಂದರೆ ಹದ, ತಪ್ ಎಂದರೆ ಇನ್ನೂ ಕುದಿಯಬೇಕು. ಆಗೆಲ್ಲ ಕೈಯಾಡಿಸಿ ಎಸೆಯುತ್ತಿದ್ದವಳು ನಾಗರತ್ನಮ್ಮ. ಪಕ್ಕದ ಒಲೆಯಲ್ಲಿ ಬೀಜ ಹುರಿಯುತ್ತ, ತಿರುಗಿಯೂ ನೋಡದೆ, ಬರೀ ಸದ್ದು ಕೇಳಿ, “ಬಂತು, ಇಳಿಸು” ಎನ್ನುತ್ತಿದ್ದವಳು ಮುನಿಯಮ್ಮ. ಅಷ್ಟು ಚೆನ್ನಾಗಿ ನಡೆದುಕೊಂಡು ಹೋಗುತ್ತಿದ್ದುದು ಒಂದು ಮದುವೆಮನೆಯ ಮಿಠಾಯಿಯಿಂದ ಕೆಟ್ಟಿತು. ಎಲ್ಲ ಮೆತ್ತಗಾಗಿ ಮುದ್ದೆ ಕಟ್ಟಿತ್ತು. ಮದುವೆಯವರು ಬಾಗಿಲಿಗೇ ಬಂದು ಕೂಗಾಡಿದಾಗ ನಾಗರತ್ನಮ್ಮ ಅವರೆದುರೇ, “ಇವಳ ಕಿವಿ ಹೋಗೈತೆ” ಅಂದುಬಿಟ್ಟಳು. “ನಿನ್ ಕೈಯಲ್ಲೇ ಹದ ಇಲ್ಲ” ಎಂದು ಮುನಿಯಮ್ಮನೂ ತಿರುಗಿಸಿ ಕೊಟ್ಟು, ಬಟ್ಟೆ ಗಂಟು ಕಟ್ಟಿಕೊಂಡು ಬರಗೂರಿನ ಮಗಳ ಮನೆಗೆ ಹೊರಟುಹೋದಳು. ಬರಗೂರೇನು ಕಾಶಿಯೇ? ಆದರೂ ಇವಳು ಹೋಗಲಿಲ್ಲ, ಅವಳು ಬರಲಿಲ್ಲ. ಅವಳೇ ಮೊದಲು ಮಾತಾಡಲಿ ಎಂದು ಇಬ್ಬರೂ ಬಿಗಿದುಕೊಂಡೇ ವರ್ಷಗಳು ಕಳೆದವು.

ಈಗ ಶಿವರಂಜನಿ ತಂದುಕೊಟ್ಟ ಥರ್ಮಾಮೀಟರ್ ಇದೆ, ಪಾಕ ಕೆಡುವುದೇ ಇಲ್ಲ. ಆದರೂ ಪ್ರತಿ ಬಾಣಲೆಗೂ ನಾಗರತ್ನಮ್ಮ ಒಂದು ಉಂಡೆಯನ್ನು ತಟ್ಟೆಗೆ ಎಸೆಯುತ್ತಾಳೆ. ಎಸೆದು, ಪಕ್ಕದ ಒಲೆಯಿದ್ದ ಕಡೆ ಕತ್ತು ತಿರುಗಿಸುತ್ತಾಳೆ. ಅಲ್ಲಿ ಗ್ಯಾಸ್ ಸಿಲಿಂಡರ್ ಕೂತಿರುತ್ತದೆ. ‘ಬಂತು’ ಎನ್ನುವ ಆ ಒಂದು ಮಾತಿಗೆ ಜೀವ ಎಷ್ಟು ಹಂಬಲಿಸುತ್ತದೆ ಎಂದು ಯಾರ ಹತ್ತಿರ ಹೇಳುವುದು?

“ಆಯ್ತು, ಈಗ ‘ಇದನ್ನ ನಾನೊಬ್ಬಳೇ ಶುರು ಮಾಡಿದೆ’ ಅಂತ ಒಂದು ಸಲ ಹೇಳಿಬಿಡು. ಉಳಿದಿದ್ದು ನಾನು ಕಟ್ ಮಾಡ್ಕೋತೀನಿ,” ಎಂದಳು ಶಿವರಂಜನಿ.

“ಇದನ್ನ ನಾನೊಬ್ಬಳೇ...” ನಾಗರತ್ನಮ್ಮ ಸೌಟು ಕೆಳಗಿಟ್ಟಳು. “ಆಗಲ್ಲ ಬುಡು ನನ್ ಕೈಲಿ. ಅವಳಿಗೆ ಫೋನ್ ಮಾಡು.”

“ಈಗಲೇನಾ?”

“ಹೂಂ ಕಣೇ, ಈಗ್ಲೇ. ಇನ್ನೊಂದು ಗಳಿಗೆ ಬುಟ್ರೆ ನನ್ನ ಧೈರ್ಯ ಹೊಂಟೋಯ್ತದೆ.”

ಶಿವರಂಜನಿ ಮುನಿಯಮ್ಮನ ನಂಬರು ಒತ್ತಿ, ಸ್ಪೀಕರ್ ಹಾಕಿ, ಮೊಬೈಲನ್ನು ತಟ್ಟೆಯ ಪಕ್ಕ ಇಟ್ಟಳು. “ಯಾರು?” ಎಂದಿತು ಅದೇ ದನಿ. ನಾಗರತ್ನಮ್ಮ ಮಗಳತ್ತ ನೋಡಿದಳು. “ಹಲೋ, ಯಾರಮ್ಮಾ? ಮಾತಾಡಿ, ಇಲ್ದಿದ್ರೆ ಇಟ್ಬುಡ್ತೀನಿ.”

ನಾಗರತ್ನಮ್ಮ ಗಡಬಡಿಸಿ ಬಾಣಲೆಯಿಂದ ಒಂದು ಹನಿ ಎತ್ತಿ ನೀರಿಗೆ ಬಿಟ್ಟಳು. “ಅಮ್ಮ, ಅದಿನ್ನೂ ಹದಕ್ಕೆ ಬಂದಿಲ್ಲ,” ಎಂದು ಮಗಳು ಪಿಸುಗುಟ್ಟಿದಳು. “ನಂಗೊತ್ತು, ಸುಮ್ಕಿರೇ,” ಎಂದು ಗದರಿ, ನಾಗರತ್ನಮ್ಮ ಆ ಎಳೆ ಉಂಡೆಯನ್ನು ತಟ್ಟೆಗೆ ಎಸೆದಳು. ತಪ್ ಎಂದಿತು.

ಫೋನ್ ಕಟ್ಟಾಯಿತೇನೋ ಎಂದು ಶಿವರಂಜನಿ ಬಗ್ಗಿ ನೋಡಿದಳು.

“ಥೂ, ಎಳೇ ಪಾಕ ಕಣೇ ರತ್ನಿ!” ಎಂದಿತು ಫೋನು. “ಇನ್ನೊಂದು ಕುದಿ ಬರ್ಲಿ. ಇಳಿಸಿಗಿಳಿಸಿ ಬುಟ್ಟೀಯ!”

ನಾಗರತ್ನಮ್ಮ ಅತ್ತೇಬಿಟ್ಟಳು. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, “ಅಷ್ಟು ದೂರಕ್ಕೂ ಕೇಳುಸ್ತೇನೇ ಮುನಿ?” ಎಂದಳು.

“ನನ್ ಕಿವಿಗೇನಾಗೈತೆ? ಇಷ್ಟು ವರ್ಷಾನೂ ಚೆನ್ನಾಗೇ ಕೇಳುಸ್ತಿತ್ತು. ನೀನೇ ಕರೀಲಿಲ್ಲ.”