ಗೂಡು ತೊಳೆದ ದಿನ

"ಸಾಹೇಬ್ ಗ್ಯಾರಾ ಬಜೆ ಆಯೇಗಾ. ಗಂದಾ ದಿಖಾ ತೋ ಸಬ್ ಮುರ್ಗಿ ಲಾರಿ ಮೇ!" ಹನ್ನೊಂದಕ್ಕೆ ಸಾಹೇಬ ಬಂದಾಗ ಹೊಲಸು ಕಂಡರೆ ಕೋಳಿಗಳೆಲ್ಲ ಲಾರಿಗೆ ಎಂದು ಎಚ್ಚರಿಸಿ, ಮುನ್ಸಿಪಾಲಿಟಿ ಕೆಲಸಗಾರರ ಮೇಸ್ತ್ರಿ ಮುಕಾದಮ ಕೋಳಿಗೂಡಿಗೆ ಕೋಲಿನಿಂದ ಎರಡು ಸಲ ಕುಟ್ಟಿ ಹೊರಟುಹೋದ. ಆಗ ಒಂಬತ್ತು ಗಂಟೆ. ಗೂಡಿನ ಒಡತಿ ಅಕ್ಕು ಬಾಂದ್ರಾದ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದಳು. ಹನ್ನೆರಡಕ್ಕೆ ಮೊದಲು ಪಾರ್ಲೆಯ ಈ ಚಾಳಿಗೆ ಬರುವವಳಲ್ಲ. ಮಾತು ಕಿವಿಗೆ ಬಿದ್ದದ್ದು ಪಕ್ಕದ ಖೋಲಿಯ ರಾಚವ್ವನಿಗೆ.

ಗೂಡಿನ ಮೇಲೆ ಅರ್ಜಿ ಬರೆಸಿದವಳೇ ಅವಳು. ಇಪ್ಪತ್ತು ದಿನದಿಂದ ಅಕ್ಕು ಗೂಡು ಗುಡಿಸಿರಲಿಲ್ಲ. ನಾತ ನೆಟ್ಟಗೆ ರಾಚವ್ವನ ದೇವರ ಜಗಲಿಗೇ ಬರುತ್ತಿತ್ತು. ಸಾಹೇಬರು ಬಂದು ನಾಲ್ಕು ಮಾತು ಬೈದು ಸ್ವಚ್ಛ ಮಾಡಿಸಿ ಹೋದಾರು ಎಂದು ಹೆಸರಿಲ್ಲದೆ ಒಂದು ಕಾಗದ ಹಾಕಿಸಿದ್ದಳು. ಕೋಳಿಗಳನ್ನೇ ಎತ್ತಿಕೊಂಡು ಹೋಗುತ್ತಾರೆಂದು ಯಾರಿಗೆ ಗೊತ್ತಿತ್ತು? ಇಲಿ ಕಾಟಕ್ಕೆ ಮನೆಗೆ ಬೆಂಕಿ ಇಟ್ಟಂತಾಯಿತು. ಅಕ್ಕುವಿನ ಗಂಡ ಕೊರಗ ಎದೆಬೇನೆಯಿಂದ ಆಸ್ಪತ್ರೆ ಸೇರಿ ಮೂರು ತಿಂಗಳು. ದಿನಕ್ಕೆರಡು ಮೊಟ್ಟೆ ತಿನ್ನಬೇಕೆಂದು ಡಾಕ್ಟರರ ಅಪ್ಪಣೆ. ಹೋದ ಮಳೆಗಾಲದ ಕೋಳಿಬೇನೆಯಲ್ಲಿ ಉಳಿದದ್ದೇ ಒಂದು ಹುಂಜ, ಮೂರು ಹೇಂಟೆ. ಅದಿರಲಿ, ರಾಚವ್ವ ವಿಷಮಜ್ವರದಲ್ಲಿ ಮಲಗಿದ್ದಾಗ ಒಂಬತ್ತು ದಿನ ಅವಳ ಮನೆಗೆ ನೀರು ಹೊತ್ತವಳು ಯಾರು? ಇದೇ ಅಕ್ಕು.

ರಾಚವ್ವ ವಿಜಾಪುರ ಸೀಮೆಯ ಲಿಂಗವಂತರ ಹೆಣ್ಣುಮಗಳು, ಹುಟ್ಟಿದ ಲಾಗಾಯ್ತು ಕೋಳಿ ಮುಟ್ಟಿದವಳಲ್ಲ. ಕೊರಳ ಲಿಂಗವನ್ನು ಕುಪ್ಪಸದೊಳಗೆ ಸೇರಿಸಿ, "ಶಿವನ, ಒಂದೀಟ ಹೊತ್ತು ಕಣ್ಣ ಮುಚ್ಚಿಕೋಪಾ" ಎಂದವಳೇ ಸೀರೆ ಎತ್ತಿಕಟ್ಟಿ ಒಳಗೆ ಬಗ್ಗಿದಳು. ಜಾಲರಿ ಕಟ್ಟಿದ ಅಂಗಳದ ಹಿಕ್ಕೆಯನ್ನು ಸಲಿಕೆಯಿಂದ ಕೆರೆದು ಬುಟ್ಟಿ ತುಂಬಿದಳು. ನಾಲ್ಕು ಕೊಡ ನೀರು ಹೊಯ್ದಳು. ಹಲಗೆಗಳನ್ನು ಬೂದಿ ಹಾಕಿ ತಿಕ್ಕಿದಳು. ಮೂಲೆಯಲ್ಲಿ ಒಂದು ಹೇಂಟೆ ಮಾತ್ರ ಏಳಲೊಲ್ಲದು. ಜಡ್ಡು ಬಂದಿರಬೇಕೆಂದು ಕೈ ಹಾಕಿದರೆ ಕುಕ್ಕಿ ರಕ್ತ ಬರಿಸಿತು. ಪೊರಕೆಯಿಂದ ಹೊರಗೆ ನೂಕಿದಳು. ಅಡಿಯಲ್ಲಿ ಹನ್ನೊಂದು ಮೊಟ್ಟೆ, ಮೈಯೆಲ್ಲ ಹಿಕ್ಕೆ ಮೆತ್ತಿದವು! ಇದನ್ನು ಸಾಹೇಬ ಕಂಡರೆ ಮುಗಿಯಿತಲ್ಲ! ಹುಲ್ಲನ್ನೆಲ್ಲ ಬಾಚಿ ಎಸೆದಳು. ಮೊಟ್ಟೆಗಳನ್ನು ಅರಿವೆಯಲ್ಲಿ ಹಿಡಿದು ತಣ್ಣೀರಿನ ಬಕೆಟ್ಟಿಗೆ ಇಳಿಸಿ, ತೆಂಗಿನ ನಾರಿನಿಂದ ಒಂದೊಂದನ್ನೇ ಉಜ್ಜಿ, ಮೊರದಲ್ಲಿ ಜೋಡಿಸಿ ನೆರಳಿಗಿಟ್ಟಳು. ಕಡೆಗೆ ಮೂಲೆ ಮೂಲೆಗೂ ಫಿನಾಯಿಲ್ ಚಿಮುಕಿಸಿದಳು.

ಹನ್ನೊಂದಕ್ಕೆ ಸರಿಯಾಗಿ ಸಾಹೇಬ ಮೂಗಿಗೆ ಕರವಸ್ತ್ರ ಹಿಡಿದೇ ಬಂದ. ಗೂಡಿನೊಳಗೆ ಇಣುಕಿದ, ಹಲಗೆಯ ಮೇಲೆ ಬೆರಳೆಳೆದು ನೋಡಿದ. ಕರವಸ್ತ್ರ ಕೆಳಗಿಳಿಯಿತು. ಕೋಳಿ ಯಾರದೆಂದು ಕೇಳಿದ.

"ಕಿಸ್ಕಾ ಮುರ್ಗಿ ಹೈ?"

ಮೇಲಿನ ಗ್ಯಾಲರಿಯಲ್ಲಿ ಇಡೀ ಚಾಳೇ ನಿಂತಿತ್ತು. ಒಡತಿ ಮನೆಯಲ್ಲಿಲ್ಲ ಎಂದರೆ ಇವನು ಏನು ಮಾಡುತ್ತಾನೋ! ರಾಚವ್ವ ಒಂದು ಹೆಜ್ಜೆ ಮುಂದೆ ಬಂದಳು.

"ನಂದs ರೀ... ಹಮಾರಾ."

ಮುಕಾದಮ ಅವಳ ಹಣೆಯ ವಿಭೂತಿಯನ್ನೂ ಹುಂಜವನ್ನೂ ಬದಲಿಸಿ ಬದಲಿಸಿ ನೋಡಿದ. ಸಾಹೇಬ ಮಾತ್ರ, "ಝೂಠಾ ಕಂಪ್ಲೇಂಟ್" ಎಂದು, ದೂರೇ ಸುಳ್ಳೆಂದು ಕಾಗದದ ಮೇಲೆ ಗೀಚಿ ಹೊರಟೇಬಿಟ್ಟ. ರಾಚವ್ವ ಪಾಯಿಖಾನೆಯ ಗೋಡೆಗೆ ಒರಗಿ ಉಸಿರು ಬಿಟ್ಟಳು. ಗೆದ್ದೆ ಎನ್ನಿಸಿತು.

ಹನ್ನೆರಡಕ್ಕೆ ಬಂದ ಅಕ್ಕು ಕತೆ ಕೇಳಿ ಕೈ ಮುಗಿಯಲು ಹೋದವಳು ಗೂಡಿನ ಮೂಲೆ ನೋಡಿ ನಿಂತುಬಿಟ್ಟಳು.

"ರಾಚಕ್ಕ, ಕಾವಿಗೆ ಇಟ್ಟ ಮೊಟ್ಟೆ ಎಲ್ಲಿ?"

"ತೊಳದ ಇಟ್ಟೀನಿ ನೋಡವಾ, ಮುತ್ತಿನಂಗ!"

"ತೊಳೆದದ್ದಾ? ಅಯ್ಯೋ ದೇವರೇ! ಇವತ್ತಿಗೆ ಇಪ್ಪತ್ತು ದಿನ ಮಾರಾಯ್ತಿ! ನಾಳೆ ಮರಿ ಒಡೆಯುವುದು. ಕೂತ ಕೋಳಿಯನ್ನು ಅಲ್ಲಾಡಿಸಬಾರದು ಅಂತಲೇ ನಾನು ಪೊರಕೆ ಮುಟ್ಟದೆ ಇದ್ದದ್ದು."

ಹೇಂಟೆ ಗೂಡಿನ ಬಾಗಿಲಿಗೆ ಬಂದು ತಲೆ ಹಾಕಿತು, ಫಿನಾಯಿಲ್ ವಾಸನೆಗೆ ಹಿಂದೆ ಸರಿಯಿತು. ಅಕ್ಕು ಅದನ್ನು ಹಿಡಿದು ಒಳಗೆ ಕೂರಿಸಿದಳು. ಕೈ ಬಿಟ್ಟದ್ದೇ ಹೊರಗೆ ಓಡಿತು. ಮತ್ತೆ ಕೂರಿಸಿದಳು. ಮತ್ತೆ ಓಡಿತು.

"ಅಕ್ಕೂ," ರಾಚವ್ವ ಅವಳ ಬಳಿಗೆ ಬಂದಳು. "ಅರ್ಜಿ ಬರೆಸಿದಾಕಿನೂ ನಾನs."

ಅಕ್ಕು ಮೊರದ ಕಡೆಗೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಮರಿಯ ಸದ್ದಿದೆಯೇ ಎಂದು ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದಳು, ಇಳಿಸಿದಳು. ಇನ್ನೊಂದು ಹಿಡಿದಳು, ಇಳಿಸಿದಳು.

ರಾಚವ್ವ ಸುಡುವ ಬಿಸಿಲಿಗೆ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಮುತ್ತೈದೆಯರು ಅಕ್ಕಿ, ಕೊಬ್ಬರಿ, ಬಾಳೆಹಣ್ಣು ಹಾಕಿ ತುಂಬುವ ಉಡಿಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದಳು.

"ಹಾಕು ಇದರಾಗ."

"ರಾಚಕ್ಕ, ನೀವು..."

"ಹಾಕಂದ್ರ ಹಾಕು!"

ಹನ್ನೊಂದೂ ಬಿದ್ದವು. ಅವಳು ಉಡಿಯನ್ನು ಮೈಗೆ ಬಿಗಿದು ಕಟ್ಟಿ, ಮೇಲೆ ಕಂಬಳಿ ಎಳೆದುಕೊಂಡು ಕುಳಿತಳು. ಬೆವರು ಸುರಿಯಿತು. ಗ್ಯಾಲರಿಯಲ್ಲಿ ಯಾರೋ ಕಿಸಕ್ಕೆಂದರು. ಪೇಟೆಯಿಂದ ಊಟಕ್ಕೆ ಬಂದ ಗಂಡ ಬಸವಂತಪ್ಪ ಸುದ್ದಿ ಕೇಳಿ ಹೌಹಾರಿ, "ಏಳs ಮೊದಲ! ಜಳಕಾ ಮಾಡು, ಪೂಜಾ ಉಳದೈತಿ!" ಎಂದು ಹೊಸ್ತಿಲಿನಿಂದಲೇ ಕೂಗಿದ. ಅವಳು ಏಳಲಿಲ್ಲ. ಅಕ್ಕು ಎರಡು ಮೆಟ್ಟಿಲು ಕೆಳಗೆ ಬೆನ್ನು ತಿರುಗಿಸಿ ಕುಳಿತಿದ್ದಳು. ಮೂರರ ಲೋಕಲ್ ಹೋಯಿತು, ನಾಲ್ಕರದೂ ಹೋಯಿತು. ಬಸವಂತಪ್ಪ ಮತ್ತೆ ಬಾಯಿ ತೆರೆದ.

ರಾಚವ್ವ ಥಟ್ಟನೆ ಕೈಯೆತ್ತಿ ಅವನನ್ನು ತಡೆದಳು.

"ಅಕ್ಕೂ, ಬಾ ಇಲ್ಲೆ... ಒಂದು ತಟ್ಟಾಕತ್ತೈತಿ."