ಹನಿ ಮೊದಲೋ ಗುಳ್ಳೆ ಮೊದಲೋ

ಹಸಿರು ಚುಕ್ಕಿಯೇ ಮೊದಲು ಕಾಣಿಸಿಕೊಂಡಿತು. ಕೆಂಪು ಆಮೇಲೆ ಬಂತು. ಅವಳು ಕನ್ನಡಕ ತೆಗೆದು, ಬಿಳಿ ಕೋಟಿನ ಅಂಚಿನಲ್ಲಿ ಒರೆಸಿ ಹಾಕಿಕೊಂಡಳು. ಚಿತ್ರವನ್ನು ಹಿಂದಕ್ಕೆ ಓಡಿಸಿ ಪಕ್ಕದ ಈಸ್ಟ್ ಕೋಶವನ್ನು ನೋಡಿದಳು. ಅಲ್ಲೂ ಅದೇ ಕಥೆ. ನಾಳೆಯ ಭಾಷಣಕ್ಕೆ ಒಂದು ಒಳ್ಳೆಯ ಚಿತ್ರ ಸಿಕ್ಕೀತೆಂದು ಸೂಕ್ಷ್ಮದರ್ಶಕದ ಹೊಸ ಕ್ಯಾಮೆರಾದ ಮುಂದೆ ಕೂತಿದ್ದಳು. ಹಳೆಯ ಕ್ಯಾಮೆರಾ ಮಂಕು ಬೆಳಕನ್ನು ನುಂಗಿಹಾಕಿ ಇಷ್ಟು ವರ್ಷ ಕಣ್ಣಿಗೆ ಮಣ್ಣೆರಚಿತ್ತು ಎಂಬುದು ಈಗ ಗೊತ್ತಾಯಿತು.

ಉಪವಾಸ ಕೆಡವಿದರೆ ಈಸ್ಟ್ ಕೋಶ ಸುಮ್ಮನೆ ಸಾಯುವುದಿಲ್ಲ. ತನ್ನೊಳಗಿನ ಹಳೆಯ, ಮುರಿದ ಸಾಮಾನನ್ನೆಲ್ಲ ಪೊರೆಯ ಚೀಲಕ್ಕೆ ತುಂಬಿ, ಕರಗಿಸಿ, ಬೇಕಾದ್ದನ್ನು ಅದರಿಂದಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಆ ಚೀಲ ಶುರುವಾಗುವುದು ಹೇಗೆ ಎಂಬುದೇ ಅವಳಿಗೂ ಅವಳ ಗಂಡನಿಗೂ ಇದ್ದ ಜಗಳ. ಪೊರೆಯ ಪುಟ್ಟ ಗುಳ್ಳೆಗಳು ಮೊದಲು ಬರುತ್ತವೆ, ಪ್ರೋಟೀನುಗಳು ಆಮೇಲೆ ಬಂದು ಅವುಗಳ ಮೇಲೆ ಕೂರುತ್ತವೆ ಎಂದು ಅವಳು. ಪ್ರೋಟೀನುಗಳೇ ಮೊದಲು ಒಂದೆಡೆ ಸೇರಿ ಹನಿಗಟ್ಟುತ್ತವೆ, ಆ ಹನಿಯೇ ಗುಳ್ಳೆಗಳನ್ನು ಬರಮಾಡಿಕೊಳ್ಳುತ್ತದೆ ಎಂದು ಅವನು. ಪ್ರೋಟೀನಿಗೆ ಹಸಿರು, ಗುಳ್ಳೆಗೆ ಕೆಂಪು ಬಣ್ಣ ಹೊಳೆಯುವಂತೆ ಮಾಡಿ ಇಬ್ಬರೂ ಕಾದು ನೋಡಿದ್ದೇ ನೋಡಿದ್ದು. ವಿದ್ಯಾರ್ಥಿಗಳ ಬಾಯಲ್ಲಿ ಅವಳು ಗುಳ್ಳೆ ಮೇಡಂ, ಅವನು ಹನಿ ಸರ್. ಎದುರುಬದುರು ಲ್ಯಾಬು, ಒಂದೇ ಮನೆ. ಊಟದ ಹೊತ್ತಿಗೆ ಇಬ್ಬರ ದನಿಯೂ ಏರಿದರೆ ಅತ್ತೆ ಲೋಟವನ್ನು ಮೇಜಿಗೆ ಕುಕ್ಕಿ, "ಆ ಹುಳಗಳನ್ನ ಬಾಗಿಲ ಆಚೆ ಬಿಟ್ಟು ಬನ್ನಿ" ಎನ್ನುತ್ತಿದ್ದರು.

ಜಗಳ ಮುಗಿದದ್ದು ಈ ಸೋಮವಾರ. ವಿಭಾಗದ ಸಭೆಯಲ್ಲಿ ಅವನು ಎದ್ದು ನಿಂತು, "ನನ್ನ ಹನಿ ಯಾರ ಕಣ್ಣಿಗೂ ಬೀಳಲಿಲ್ಲ. ಅವಳು ಹೇಳಿದ್ದೇ ಸರಿ" ಎಂದುಬಿಟ್ಟ. ಯಾರೋ ಚಪ್ಪಾಳೆ ತಟ್ಟಿದರು. ಅವಳು ಹಿಗ್ಗಿದ್ದು ನಿಜ. ಆದರೆ ಅವತ್ತಿನಿಂದ ಊಟದ ಮೇಜಿನಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಾಳೆಯ ಭಾಷಣವೊಂದು ಚೆನ್ನಾಗಿ ಆಗಿಬಿಟ್ಟರೆ ಮುಖ್ಯಸ್ಥೆಯ ಕುರ್ಚಿ ಅವಳಿಗೇ ಎಂದು ಕಾರಿಡಾರಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು.

ಈಗ ಈ ಚಿತ್ರ. ಕಂಡವಳು ತಾನೊಬ್ಬಳೇ. ಅಳಿಸಲು ಬೆರಳು ಒತ್ತಿದರಾಯಿತು. ಸೋತವನೇ ತೆಪ್ಪಗಿರುವಾಗ ತನಗೇಕೆ ಇಲ್ಲದ ಉಸಾಬರಿ ಎಂದೂ ಒಂದು ಗಳಿಗೆ ಅನ್ನಿಸಿತು. ಕೈ ಮೌಸಿನ ಮೇಲೆಯೇ ಇತ್ತು. ಬೇರೆ ಕೋಶಗಳನ್ನೂ ನೋಡಿದಳು. ಗುಳ್ಳೆಯೇ ಹುಟ್ಟದಂತೆ ಮಾಡಿದ್ದ ಕೋಶಗಳ ತಟ್ಟೆಯನ್ನೂ ತಂದು ನೋಡಿದಳು. ಆಮೇಲೆ ಎದ್ದು ಹೋಗಿ ಎದುರಿನ ಬಾಗಿಲು ತಳ್ಳಿದಳು.

ಅವನು ಕಪಾಟು ಖಾಲಿ ಮಾಡುತ್ತಿದ್ದ. ಈಸ್ಟ್ ಬೆಳೆದ ತಟ್ಟೆಗಳನ್ನು ಒಂದೊಂದಾಗಿ ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕುತ್ತಿದ್ದ. ಆವಿಯಲ್ಲಿ ಬೇಯಿಸಿ ಎಸೆಯುವುದಕ್ಕೆ.

"ಅದನ್ನ ಅಲ್ಲೇ ಇಡ್ರೀ. ಬನ್ನಿ, ಒಂದು ತೋರಿಸ್ಬೇಕು."

"ನಾಳೆ ಚಿತ್ರಾನಾ? ಚೆನ್ನಾಗಿ ಬಂತಾ?"

"ಬಂತು. ನನ್ನ ಕಡೆಗಲ್ಲ, ನಿಮ್ಮ ಕಡೆಗೆ."

ಕೈಗವಸು ಕಳಚಿ ಬಂದು ಅವಳ ಕುರ್ಚಿಯಲ್ಲಿ ಕೂತ. ಅವಳು ಚಿತ್ರ ಓಡಿಸಿದಳು. ಹಸಿರು, ಆಮೇಲೆ ಕೆಂಪು. ಅವನು ಹಾರಿ ಕುಣಿಯದಿದ್ದರೂ ಒಂದು ನಗುವಾದರೂ ನಕ್ಕಾನೆಂದು ಕಾದಳು. ಅವನ ಹುಬ್ಬು ಗಂಟಿಕ್ಕಿತು.

"ಹಸಿರಿಗೆ ಬೆಳಕು ಜಾಸ್ತಿ ಬಿಟ್ಟಿದ್ದೀಯ."

"ಎರಡಕ್ಕೂ ಒಂದೇ ಸಮ ಬಿಟ್ಟಿರೋದು."

"ಹಾಗಿದ್ರೆ ಕೆಂಪು ಮಂಕಾಗಿದೆ. ಗುಳ್ಳೆ ಅಲ್ಲೇ ಇರುತ್ತೆ, ನಮಗೆ ಕಾಣ್ತಿಲ್ಲ ಅಷ್ಟೆ."

ಹನಿಯ ಪರವಾಗಿ ವರ್ಷಗಟ್ಟಲೆ ಆಡಿದ ಮಾತನ್ನೇ ಅವನೀಗ ಗುಳ್ಳೆಗೆ ಹಚ್ಚಿದ್ದ. ಅವಳು ಉಕ್ಕಿ ಬಂದ ನಗುವನ್ನು ತುಟಿ ಕಚ್ಚಿ ತಡೆದುಕೊಂಡಳು. ಎರಡನೆಯ ಚಿತ್ರ ತೆರೆದಳು.

"ಇದರಲ್ಲಿ ಗುಳ್ಳೆ ಬರೋ ದಾರೀನೇ ಮುಚ್ಚಿದ್ದೀನಿ. ಚೀಲ ಆಗೋದೇ ಇಲ್ಲ. ಆದ್ರೂ ಹನಿ ಬಂದು ಕೂತಿದೆ ನೋಡಿ. ಯಾರಿಗೋ ಕಾಯ್ತಿರೋ ಹಾಗೆ."

ಅವಳು ಬಗ್ಗಿ, ಅವನ ಭುಜದ ಮೇಲಿಂದಲೇ ಕೈ ಚಾಚಿ, ನಾಳೆಯ ಭಾಷಣ ತೆರೆದು ಮೊದಲ ಚಿತ್ರವನ್ನು ಅಳಿಸಿಹಾಕಿದಳು. ಆ ಜಾಗಕ್ಕೆ ಇದನ್ನು ತಂದು ಕೂರಿಸಿದಳು.

"ಹುಚ್ಚು ಹಿಡಿದಿದ್ಯಾ ನಿನಗೆ? ಕುರ್ಚಿ ಕೈ ತಪ್ಪುತ್ತೆ."

"ತಪ್ಪಲಿ ಬಿಡಿ. ನೀವು ಹೇಳಿದ್ದೇ ಸರಿ ಅಂತ ನಾಳೆ ಮೈಕ್ ಹಿಡ್ಕೊಂಡೇ ಹೇಳ್ತೀನಿ."

"ಬೇಡ. ಇನ್ನಷ್ಟು ಕೋಶ ನೋಡೋಣ. ಗುಳ್ಳೆ ಮೊದಲಲ್ಲ ಅನ್ನೋಕೆ ಇಷ್ಟು ಸಾಲದು. ನೀನು ಅಷ್ಟು ವರ್ಷ ತೋರಿಸಿದ್ದೆಲ್ಲ ಎಲ್ಲಿ ಹೋಗುತ್ತೆ?"

"ರೀ, ನಾನು ಗುಳ್ಳೆ ಗುಳ್ಳೆ ಅಂತ ಬಡ್ಕೊಂಡಾಗ ಒಂದು ದಿನ ಹೂಂ ಅನ್ಲಿಲ್ಲ ನೀವು. ಈಗ ನಾನೇ ಅಲ್ಲ ಅಂತಿದ್ರೆ ಪಟ್ಟು ಹಿಡಿದು ಕೂತಿದ್ದೀರಲ್ಲ!"

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

"ಒಪ್ಕೊಳ್ಳೋಕೆ ನಾನೆಷ್ಟು ಒದ್ದಾಡಿದ್ದೀನಿ ಅಂತ ಗೊತ್ತಾ ನಿನಗೆ? ಈಗ ಬಿಡು ಅಂದ ತಕ್ಷಣ ಬಿಡೋಕಾಗುತ್ತಾ?"