ಅಪ್ಪನ ರೇಡಿಯೊ

ಅಪ್ಪ ರೇಡಿಯೊಗೆ ಬೆಸುಗೆ ಹಾಕುವಾಗ ಏಳುತ್ತಿದ್ದ ಹೊಗೆಯ ವಾಸನೆ ಹೇಮಲತೆಗೆ ಇನ್ನೂ ನೆನಪಿತ್ತು. ಗೇಮಿಂಗ್ ಕಂಪ್ಯೂಟರಿಗೆಂದು ಅವಳು ಹುಡುಕಿ ಹುಡುಕಿ ಅಗ್ಗದ ಭಾಗಗಳನ್ನೇ ತಂದಿದ್ದಳು. ಜೋಡಿಸಲು ಕೂತರೆ, ಗ್ರಾಫಿಕ್ಸ್ ಕಾರ್ಡು ಕ್ಯಾಬಿನೆಟ್ ಪೆಟ್ಟಿಗೆಗಿಂತ ಉದ್ದ! ನಾಳೆಯೇ ಗೇಮಿಂಗ್ ಪಂದ್ಯ. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಅಮ್ಮಾ, ಅಪ್ಪನ ಹಳೇ ರೇಡಿಯೊ ಪೆಟ್ಟಿಗೆ ಕೊಡೇ. ಅದ್ರಲ್ಲಿ ಹಿಡಿಸುತ್ತೆ.”

“ಮುಟ್ಟಿದ್ರೆ ಕೈ ಮುರೀತೀನಿ! ದಿನಾ ಒರೆಸಿಡೋದು ನಿನ್ನ ಢಿಶುಂ ಢಿಶುಂಗಲ್ಲ.”

“ಅದು ಹಾಡೋದೇ ಇಲ್ವಲ್ಲ!”

“ನಿಮ್ಮಪ್ಪನೂ ಮಾತಾಡಲ್ಲ. ಗೋಡೆ ಮೇಲಿನ ಫೋಟೋನೂ ತೆಗೆದು ಬಿಸಾಕ್ಲಾ?”

ಹೇಮಲತೆ ತಲೆತಗ್ಗಿಸಿದಳು. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಹಳ ಹೊತ್ತಿನ ಮೇಲೆ ಹೊರಬಂದವಳು, ಒಳಗಿನದನ್ನೆಲ್ಲ ಬಿಚ್ಚಿ ಖಾಲಿ ಮಾಡಿದ ರೇಡಿಯೊ ಪೆಟ್ಟಿಗೆಯನ್ನು ಮಗಳ ಮುಂದಿಟ್ಟು, ಚಿತ್ರಾನ್ನದ ತಟ್ಟೆಯನ್ನು ಅವಳ ಕೈಗಿತ್ತಳು.